ಅಕ್ಕನಿಗೆ ಎಂಥ ವಿಮೆ

"ಕೆಲಸದವಳು ಅಂತ ಮಾತ್ರ ಬರೀಬೇಡಿ ಮೇಡಂ, ಇವಳು ನನ್ನ ಸ್ವಂತ ಅಕ್ಕ," ಎಂದ ಲಾಂಡ್ರಿಯ ಮಾಲೀಕ, ಕುರ್ಚಿಯನ್ನು ಹೆಗಲ ಮೇಲಿನ ಟವೆಲಿನಿಂದಲೇ ಒರೆಸುತ್ತ. "ಒಡಹುಟ್ಟಿದವಳನ್ನ ಆಳು ಅಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತೆ."

ಸರ್ಕಾರಿ ವಿಮಾ ಕಚೇರಿಯಿಂದ ಬಂದಿದ್ದ ಮೇಡಂ ಕುಳಿತು ಫೈಲು ಬಿಚ್ಚಿದರು. ಹಿಂದಿನ ವಾರ ಹೋಟೆಲಿನ ಹಾಸುಬಟ್ಟೆಗಳನ್ನು ಇಸ್ತ್ರಿಯಂತ್ರಕ್ಕೆ ಕೊಡುತ್ತಿದ್ದಾಗ ಅಕ್ಕನ ಬಲಗೈ ಕಾದ ಉರುಳೆಗಳ ನಡುವೆ ಸಿಕ್ಕಿಕೊಂಡಿತ್ತು. ಕೆಲಸದ ಜಾಗದಲ್ಲಾದ ಗಾಯವೆಂದು ಆಸ್ಪತ್ರೆಯವರೇ ಕಚೇರಿಗೆ ತಿಳಿಸಿದ್ದರು. ಬೆರಳುಗಳು ಹೇಗೋ ಉಳಿದಿದ್ದವು. ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಕ್ಕ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಟ್ಟೆಗಂಟಿನ ಮೇಲೆ ಕುಳಿತಿದ್ದಳು.

"ಬಟ್ಟೆ ಒಗೆಯೋ ಇಬ್ಬರ ಹೆಸರಲ್ಲಿ ವಿಮೆ ಕಟ್ಟಿದ್ದೀರಿ. ಇವರ ಹೆಸರಲ್ಲಿ ಇಲ್ಲ," ಎಂದರು ಮೇಡಂ.

"ಅವರು ಹೊರಗಿನವರು, ಕಟ್ಟದಿದ್ದರೆ ನೀವು ಬಿಡ್ತೀರಾ? ಅಕ್ಕನಿಗೆ ಎಂಥ ವಿಮೆ? ನಾನೇ ಇದ್ದೀನಲ್ಲ."

"ಸಂಬಳ?"

"ಅಕ್ಕನಿಗೆ ಸಂಬಳ ಕೊಡೋಕೆ ನಾನ್ಯಾರು? ಗಲ್ಲಾಪೆಟ್ಟಿಗೆ ಅವಳದ್ದೇ. ಬೇಕಾದಾಗ ತಗೋತಾಳೆ."

"ಎಲ್ಲಿ ತಗೊಂಡೆ ಪುಟ್ಟಾ," ಎಂದಳು ಅಕ್ಕ ಮೆಲ್ಲಗೆ. "ಚಪ್ಪಲಿ ಹರಿದರೂ ನಿನ್ನನ್ನ ಕೇಳಿಯೇ ಇಸ್ಕೊಂಡಿದ್ದೀನಿ."

"ನೋಡಿ, ಎಷ್ಟು ಒಳ್ಳೆಯವಳು," ಎಂದ ತಮ್ಮ, ಮೇಡಂ ಕಡೆ ಅಭಿಮಾನದಿಂದ ತಿರುಗಿ.

ಬೆಳಿಗ್ಗೆ ಬಾಗಿಲು ತೆಗೆಯುವವರು ಯಾರೆಂದು ಮೇಡಂ ಕೇಳಿದರು. ಅಕ್ಕನೇ. ಎಣ್ಣೆ ಕಲೆ ಬಿಡಿಸುವವರು? ಅಕ್ಕನ ಕೈ ಬಿದ್ದರೇ ಹೋಗುವುದು, ಆ ಇಬ್ಬರಿಗೆ ಕೆಲಸ ಕಲಿಸಿದವಳೂ ಅವಳೇ. ಒಂದು ದಿನ ಬರುವುದಿಲ್ಲ ಎಂದರೆ?

"ಬರದೆ ಹೇಗಿರ್ತಾಳೆ?" ತಮ್ಮ ನಕ್ಕ. "ನಾನು ಬಿಡ್ತೀನಾ?"

ಮೇಡಂ ನಗಲಿಲ್ಲ, ಬರೆದುಕೊಂಡರು. "ನೀವು ಹೇಳಿದ್ದನ್ನೆಲ್ಲ ನೋಡಿದರೆ ಇದು ಕೆಲಸವೇ. ಆದರೆ ಇವರ ಬಾಯಿಂದಲೂ ಕೇಳಬೇಕು," ಎನ್ನುತ್ತ ಅಕ್ಕನ ಕಡೆ ತಿರುಗಿದರು. "ಕೆಲಸಕ್ಕೆ ಬರ್ತಿದ್ದೆ ಅಂದರೆ, ತಪ್ಪು ನಿಮ್ಮದೋ ಯಂತ್ರದ್ದೋ ಅಂತ ನಾವು ಕೇಳೋದಿಲ್ಲ ಅಮ್ಮ. ಆಸ್ಪತ್ರೆ ಖರ್ಚು ನಮ್ಮದು. ಗಾಯ ಮಾಯೋವರೆಗೆ, ಇಂಥ ಕೆಲಸಕ್ಕೆ ಹೊರಗೆ ಎಷ್ಟು ಸಂಬಳವೋ ಅದರಲ್ಲಿ ಒಂದು ಪಾಲು ಕೊಡ್ತೀವಿ. ಬೆರಳು ಹೀಗೇ ಉಳಿದರೆ ಬದುಕಿರೋವರೆಗೆ ತಿಂಗಳು ತಿಂಗಳು ಹಣ ಬರುತ್ತೆ. ಇವರು ವಿಮೆ ಕಟ್ಟಿಲ್ಲ ಅಂತ ನಿಮಗೆ ನಿಲ್ಲಿಸೋದಿಲ್ಲ. ನಿಮಗೆ ಕೊಟ್ಟು, ಆಮೇಲೆ ದಂಡ ಸೇರಿಸಿ ಇವರಿಂದ ವಸೂಲಿ ಮಾಡ್ತೀವಿ. ಮನೆಯವಳಾಗಿ ಸುಮ್ಮನೆ ಕೈಜೋಡಿಸಿದೆ ಅಂದರೆ ನಮ್ಮ ಕಡೆಯಿಂದ ಏನೂ ಇಲ್ಲ."

ತಮ್ಮನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. "ಅಕ್ಕಾ, ನೀನೇ ಹೇಳು. ನಿನ್ನನ್ನ ಒಂದು ದಿನವಾದರೂ ಆಳಿನ ಹಾಗೆ ಕಂಡಿದ್ದೀನಾ?"

ಕಂಡಿರಲಿಲ್ಲ. ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಅವನೇ, ಅಲ್ಲಿ ಅನ್ನ ಕಲಸಿ ತುತ್ತು ಮಾಡಿ ತಿನ್ನಿಸಿದವನೂ ಅವನೇ. ಇವತ್ತು ಬೆಳಿಗ್ಗೆ ಅವನ ಹೆಂಡತಿ ಅಕ್ಕನ ತಲೆ ಬಾಚಿದ್ದಳು. ಸಿಕ್ಕು ಬಿಡಿಸಿ, ನೋವಾಗದ ಹಾಗೆ, ಚೆನ್ನಾಗಿಯೇ ಬಾಚಿದ್ದಳು. ಜಡೆ ಮುಗಿಸಿದ ಮೇಲೆ ಒಂದು ನಿಟ್ಟುಸಿರು ಬಿಟ್ಟಿದ್ದಳು. ಸಣ್ಣದು. ನಾಳೆಯೂ ಬಾಚಬೇಕು, ನಾಡಿದ್ದೂ ಬಾಚಬೇಕು.

"ಇಲ್ಲ ಪುಟ್ಟಾ, ಕಂಡಿಲ್ಲ," ಎಂದಳು ಅಕ್ಕ. ಆಮೇಲೆ ಮೇಡಂ ಕಡೆ ತಿರುಗಿದಳು. "ಕೆಲಸಕ್ಕೇ ಬರ್ತಿದ್ದೆ. ಬರ್ಕೊಳ್ಳಿ."

ಮೇಡಂ ಅವಳ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು. ತಮ್ಮ ಬಹಳ ಹೊತ್ತು ಒಂದೇ ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಸಾಯೋವರೆಗೂ ನೋಡ್ಕೋತೀನಿ ಅಂದಿದ್ದೆನಲ್ಲ ಅಕ್ಕಾ."

"ನೋಡ್ಕೋತೀಯ, ಗೊತ್ತು. ನೀನು ತಿನ್ನಿಸಿದರೆ ತಿಂತೀನಿ, ನಿನ್ನ ಹೆಂಡತಿ ಬಾಚಿದರೆ ಬಾಚಿಸ್ಕೋತೀನಿ. ಆದರೆ ಬೇಡ ಅನ್ನೋಕೂ ಕೈಯಲ್ಲಿ ನಾಲ್ಕು ಕಾಸು ಇರಬೇಕಪ್ಪ."

ಅವನಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. "ಹಾಗಾದರೆ ನಾಳೆಯಿಂದ ಏನಂತ ಕರೀಲಿ? ಅಕ್ಕ ಅನ್ನಲೋ, ಕೆಲಸದವಳೇ ಅನ್ನಲೋ?"

"ಅಕ್ಕ ಅಂತಲೇ ಕರಿ," ಎಂದಳು ಅವಳು, ಗಂಟಿನಿಂದ ಏಳಲು ಎಡಗೈಯನ್ನು ಅವನತ್ತ ಚಾಚುತ್ತ. "ಸಂಬಳದ ದಿನ ಮಾತ್ರ ಆ ಇಬ್ಬರ ಜೊತೆ ನನ್ನನ್ನೂ ಹೆಸರು ಹಿಡಿದು ಕರಿ. ನಾನೇನೂ ತಪ್ಪು ತಿಳ್ಕೊಳ್ಳಲ್ಲ."