ಬ್ಯಾಗಿನಲ್ಲಿ ಏನೂ ಇರಲಿಲ್ಲ

ತಾಂಬರಂ ರೈಲ್ವೆ ಸ್ಟೇಷನ್ನಿನಲ್ಲಿ ಗಾಂಜಾ ಹುಡುಕುವ ಪೊಲೀಸ್ ನಾಯಿ ಎಲ್ಲರನ್ನೂ ದಾಟಿ ಬಂದು ವೀಕ್ಷಾಳ ಮುಂದೆ ಸದ್ದಿಲ್ಲದೆ ಕುಳಿತಿತು. ವಾಸನೆ ಸಿಕ್ಕಾಗ ಮಾತ್ರ ಅದು ಹಾಗೆ ಕೂರುವುದು.

"ಎಂತ ಮಗಾ, ನಿನ್ನನ್ನೇ ನೋಡ್ತಾ ಉಂಟಲ್ಲ?" ಎಂದರು ಜೊತೆಗಿದ್ದ ಅಮ್ಮ.

ನಾಯಿಯ ಜೊತೆಗಿದ್ದ ಪೊಲೀಸಿನವನು ಅವಳ ಬ್ಯಾಗು ತೆರೆದಾಗ ಸಿಕ್ಕಿದ್ದು ಲ್ಯಾಪ್‌ಟಾಪ್, ಟಿಫಿನ್ ಡಬ್ಬಿ ಮಾತ್ರ. ವೀಕ್ಷಾ ಗಾಂಜಾವನ್ನು ಕಣ್ಣಾರೆ ಕಂಡವಳೂ ಅಲ್ಲ. ಅಡ್ಯಾರಿನ ಆಫೀಸಿನಲ್ಲಿ ಕೂತು ಅಮೆರಿಕದ ಗಾಂಜಾ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದಳು, ಅಷ್ಟೆ. ಅಲ್ಲಿ ಅದಕ್ಕೆ ಲೈಸೆನ್ಸ್ ಇದೆ. ಇಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಆಫೀಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಪೊಲೀಸಿನವನು ಬ್ಯಾಗನ್ನು ದೂರ ಒಯ್ದಿಟ್ಟ. ನಾಯಿ ಅತ್ತ ತಿರುಗಲೂ ಇಲ್ಲ. ಅವಳ ಬೆರಳ ತುದಿಗಳನ್ನು ಒಂದೊಂದಾಗಿ ಮೂಸಿತು.

ಏನು ಕೆಲಸವೆಂದು ಅವನು ತಮಿಳಿನಲ್ಲಿ ಕೇಳಿದ.

"ಅಕೌಂಟ್ಸ್, ಸರ್."

"ಯಾರ ಅಕೌಂಟ್ಸಮ್ಮಾ?"

ವೀಕ್ಷಾ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.