ದಿಂಬಿನೊಳಗಿನ ಫೋನ್

“ದಿಂಬಿನೊಳಗಿಟ್ಟು ಹೊಲಿದ್ಬುಟ್ರೆ ಎಷ್ಟು ದಿನ ಬ್ಯಾಟರಿ ಬರ್ತದಪ್ಪ?”

ನಟರಾಜ್ ಹದಿನೈದು ವರ್ಷಗಳಿಂದ ಬಾಳ್ಳುಪೇಟೆಯಲ್ಲಿ ಮೊಬೈಲ್ ಅಂಗಡಿ ನಡೆಸುತ್ತಿದ್ದ. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದ ಗುರುಶಾಂತಮ್ಮನಿಗೆ ಅರವತ್ತರ ಹತ್ತಿರ. ತೊಡೆಯ ಮೇಲಿನ ಬಟ್ಟೆಚೀಲದಲ್ಲಿ ನಿಜವಾಗಿಯೂ ಒಂದು ದಿಂಬಿತ್ತು. ರಸ್ತೆಯಾಚೆ ಜೀಪಿನಲ್ಲಿ ಅವರ ಗಂಡ, ಮಗ ಕೂತಿದ್ದರು. ಇಬ್ಬರೂ ಕೆಳಗಿಳಿದಿರಲಿಲ್ಲ.

“ಯಾರಿಗಮ್ಮ?” ಎಂದಳು ನಟರಾಜನ ಹೆಂಡತಿ ತನುಜಾ.

“ಮಗಳಿಗೆ. ಮಾನಸಾ ಅಂತ. ಮದ್ವೆಯಾಗಿ ಎಂಟು ತಿಂಗಳಾಯ್ತು, ಒಂದಿನ ಅವಳ ದನಿ ಕೇಳಿಲ್ಲ. ಫೋನ್ ನಂಬರೂ ಬದಲಾಯಿಸ್ಬುಟ್ಟವ್ರೆ. ನಮ್ಮನ್ನ ಹತ್ರಕ್ಕೇ ಸೇರ್ಸಲ್ಲ.”

“ಗಂಡನ ಕಡೆಯೋರಾ?”

ಗುರುಶಾಂತಮ್ಮ ತಲೆ ತಗ್ಗಿಸಿದರು. ತನುಜಾಳಿಗೆ ಬೇರೆ ಉತ್ತರ ಬೇಕಿರಲಿಲ್ಲ. ಅವಳ ಅಕ್ಕ ತೀರಿಕೊಂಡಿದ್ದು ಗಂಡನ ಮನೆಯ ಕೋಣೆಯೊಂದರಲ್ಲಿ. ಕೊನೆಯ ವಾರ ಅಕ್ಕನ ಕೈಯಲ್ಲಿ ಫೋನ್ ಇರಲಿಲ್ಲ.

“ಮಾನಸಾನ ಗೆಳತಿ ಆಶಾ ಒಬ್ಬಳೇ ಹೋಗಿ ಬಂದು ಮಾಡೋದು,” ಎಂದರು ಗುರುಶಾಂತಮ್ಮ. “ಮನೆ ಎಲ್ಲಿ ಅಂದ್ರೆ ಹೇಳೋಕೆ ಹೆದರ್ತಾಳೆ. ದಿಂಬು ಅವಳ ಕೈಲಿ ಕಳಿಸ್ತೀನಿ. ಚಿಕ್ಕಂದಿನಿಂದ ಇದಿಲ್ದೆ ನಿದ್ದೆ ಬರಲ್ಲ ನನ್ನ ಮಗಳಿಗೆ.”

ನಟರಾಜ್ ಎರಡು ಫೋನ್ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟ. ಒಂದು ದಪ್ಪನೆಯದು, ಏಳು ಸಾವಿರ ಎಂಎಎಚ್ ಬ್ಯಾಟರಿ. ಇನ್ನೊಂದು ತೆಳ್ಳನೆಯದು, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

“ದಪ್ಪದ್ದೇ ತಗೊಳ್ಳಿ. ಮನೆ ಎಲ್ಲಿ?”

“ವನಗೂರು ಕಡೆ ಅಂತಾರೆ.”

“ಅಲ್ಲಿ ಟವರ್ ಸರಿಯಾಗಿ ಸಿಗಲ್ಲ. ಫೋನ್ ಸಿಗ್ನಲ್ ಹುಡುಕಿ ಹುಡುಕೀನೇ ಚಾರ್ಜ್ ಕಳ್ಕೊತದೆ. ತೆಳ್ಳಂದು ಎರಡೇ ದಿನ.”

“ನೀವು ಬರೀ ಬ್ಯಾಟರಿ ನೋಡ್ತೀರ,” ಎಂದಳು ತನುಜಾ. “ದಿಂಬಿನ ಮೇಲೆ ತಲೆ ಇಡೋರು ಯಾರು?”

ಅವಳು ದಿಂಬನ್ನು ಇಸಿದುಕೊಂಡು, ಒಂದು ಬದಿಯ ಹೊಲಿಗೆ ಬಿಚ್ಚಿ, ಬೂರುಗದ ಹತ್ತಿಯ ನಡುವೆ ದಪ್ಪ ಫೋನ್ ತೂರಿಸಿದಳು. ಗುರುಶಾಂತಮ್ಮ ಬಾಗಿ, ಗಾಜಿನ ಮೇಲಿದ್ದ ದಿಂಬಿಗೆ ಕೆನ್ನೆ ಇಟ್ಟು ನೋಡಿದರು.

“ಕಲ್ಲಿದ್ದಂಗೈತೆ.”

ತೆಳ್ಳನೆಯದನ್ನು ತೂರಿಸಿದಳು. ಗುರುಶಾಂತಮ್ಮ ಕೆನ್ನೆ ಇಟ್ಟವರು ಏಳಲೇ ಇಲ್ಲ. ಕಣ್ಣು ಮುಚ್ಚಿದ್ದರು. ಆಮೇಲೆ ಮೆಲ್ಲಗೆ, “ಗೊತ್ತೇ ಆಗಲ್ಲ,” ಎಂದರು.

“ತೆಳ್ಳಂದು ಬೇಗ ಬಿಸಿ ಆಗ್ತದೆ ಕಣೇ,” ನಟರಾಜ್ ಬಿಡಲಿಲ್ಲ. “ಅದಕ್ಕೇ ದಪ್ಪ ಮಾಡಿರೋದು. ತೆಳ್ಳಗೂ ಇರ್ಬೇಕು, ವಾರಗಟ್ಟಲೆ ಚಾರ್ಜೂ ಬರ್ಬೇಕು ಅಂದ್ರೆ ಯಾವ ಕಂಪನಿಯೋನೂ ಕೊಡಲ್ಲ.”

“ಬಿಸಿ ಆಗೋದು ಕೆಲಸ ಮಾಡ್ಸಿದ್ರೆ. ಎಲ್ಲ ಆಫ್ ಮಾಡೋಣ. ಪರದೆ ಬೆಳಗೋದು ಬೇಡ, ಶಬ್ದ ಬೇಡ. ಎಲ್ಲಿದೆ ಅಂತ ಅರ್ಧ ಗಂಟೆಗೊಂದ್ಸಲ ಅಮ್ಮನ ಫೋನಿಗೆ ತಿಳಿಸಿದ್ರೆ ಸಾಕು. ನಾಕು ದಿನ ಬರ್ತದೆ.” ತನುಜಾ ಗುರುಶಾಂತಮ್ಮನ ಕಡೆ ತಿರುಗಿದಳು. “ನಿಮ್ಮ ನಂಬರ್ ಹಾಕಿಡ್ತೀನಿ ಅಮ್ಮ. ಹೊಲಿಗೆ ಬಿಚ್ಚಿ ಒಂದು ಕಾಲ್ ಮಾಡು ಅಂತ ಆಶಾ ಹತ್ರ ಹೇಳಿ ಕಳಿಸಿ.”

“ಆಶಾಗೂ ಹೇಳಲ್ಲ ಕಣವ್ವ. ಬಾಯಿ ಬಿಟ್ಬುಟ್ರೆ? ಮಾತು ಆಮೇಲೆ. ಮೊದ್ಲು ಅವಳೆಲ್ಲವ್ಳೆ ಅಂತ ಗೊತ್ತಾಗ್ಲಿ. ಒಂದು ಕಡೆ ಇರಲ್ವಂತೆ, ಮನೆ ಬದಲಾಯಿಸ್ತಾನೇ ಇರ್ತಾರಂತೆ.”

ತನುಜಾಳ ಕಣ್ಣು ತುಂಬಿ ಬಂತು. ತೆಳ್ಳನೆಯ ಫೋನನ್ನು ತಾನೇ ಸಜ್ಜುಮಾಡಿ, ಹತ್ತಿ ಒತ್ತಿ, ತಾನೇ ಹೊಲಿದಳು. ಹೊಲಿಗೆ ಕಾಣದಂತೆ ಎರಡು ಸಲ ಹೊಲಿದಳು.

ನಾಲ್ಕನೆಯ ದಿನ ಬೆಳಗ್ಗೆ ಗುರುಶಾಂತಮ್ಮ ತಮ್ಮ ಫೋನ್ ಹಿಡಿದು ಮತ್ತೆ ಬಂದರು. ದಿಂಬಿನ ಫೋನ್ ಇರುವ ಜಾಗ ತೋರಿಸುವ ಚುಕ್ಕಿ ಯಾವ ಊರಿನಲ್ಲಿದೆಯೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಟರಾಜ್ ನಕ್ಷೆಯನ್ನು ಹಿಗ್ಗಿಸಿ ನೋಡಿದ.

“ವನಗೂರಲ್ಲ. ಆಲೂರು ತೋರಿಸ್ತೈತೆ. ಮೂರು ದಿನದಿಂದ ಅಲ್ಲೇ.”

“ಅಯ್ಯೋ, ಅವಳು ಸಿಕ್ಬುಟ್ಲು ಕಣ್ರೀ!” ತನುಜಾ ಗುರುಶಾಂತಮ್ಮನ ಕೈ ಹಿಡಿದುಕೊಂಡಳು. “ಪೊಲೀಸರಿಗೆ ಹೇಳೋಣ್ವಾ ಅಮ್ಮ?”

“ಬೇಡವ್ವ. ಮನೆ ವಿಷಯ. ಅವಳಪ್ಪ, ಅಣ್ಣ ಹೋಗಿ ಕರ್ಕೊಂಡ್ಬರ್ತಾರೆ.”

ನಟರಾಜ್ ಒಂದು ಚೀಟಿಯಲ್ಲಿ ದಾರಿ ಬರೆದ. ಯಾವ ತಿರುವು, ಎಷ್ಟನೇ ಮನೆ, ಎಲ್ಲವನ್ನೂ. ಮಗ ಜೀಪಿನಿಂದ ಕೈ ಚಾಚಿ ಚೀಟಿ ಇಸಿದುಕೊಂಡ. ಗುರುಶಾಂತಮ್ಮ ಜೀಪು ಹತ್ತಲಿಲ್ಲ. ಊರಿನ ಬಸ್ಸಿಗೆ ಕಾಯುತ್ತಾ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ತನುಜಾ ತಂದುಕೊಟ್ಟ ಕಾಫಿ ಅವರ ಕೈಯಲ್ಲೇ ಆರಿತು.

ಆ ದಿನವೆಲ್ಲ ತನುಜಾ ಹಗುರವಾಗಿದ್ದಳು. ಅಕ್ಕ ಹೋದ ಮೇಲೆ ಅಷ್ಟು ನೆಮ್ಮದಿ ಅವಳಿಗೆ ಎಂದೂ ಆಗಿರಲಿಲ್ಲ.

ಮರುದಿನ ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತಿತು. ಸಬ್ ಇನ್ಸ್‌ಪೆಕ್ಟರ್ ಜೊತೆ ತಲೆಗೆ ಬ್ಯಾಂಡೇಜ್ ಸುತ್ತಿದ್ದ ಒಬ್ಬ ಯುವಕ ಇಳಿದ. ಇನ್ಸ್‌ಪೆಕ್ಟರ್ ತೆಳ್ಳನೆಯ ಫೋನನ್ನು ಗಾಜಿನ ಮೇಲಿಟ್ಟರು. ಅದಕ್ಕಿನ್ನೂ ಹತ್ತಿ ಅಂಟಿತ್ತು.

“ಇದನ್ನ ಮಾರಿದ್ದು ನೀವೇನಾ?”

ನಟರಾಜ್ ನಡೆದುದನ್ನೆಲ್ಲ ಹೇಳಿದ. ತನುಜಾ ನಡುವೆ ಬಾಯಿ ಹಾಕಿದಳು. “ಹುಡುಗಿ ಅಪ್ಪನ ಮನೆ ಸೇರಿದ್ಲಾ ಸಾರ್?”

“ಹುಡುಗಿ ಸಿಕ್ಕಿಲ್ಲಮ್ಮ. ಅಪ್ಪ, ಅಣ್ಣ ಇಬ್ರೂ ನಾಪತ್ತೆ. ಜೀಪು ಮಾತ್ರ ಹೇಮಾವತಿ ಹಿನ್ನೀರಿನ ಹತ್ರ ಸಿಕ್ತು. ಅವಳ ಚಪ್ಪಲಿ ಅದರಲ್ಲಿತ್ತು.” ಅವರು ಯುವಕನತ್ತ ಕಣ್ಣು ಹಾಯಿಸಿದರು. “ಇವರು ರೇವಂತ್. ಅವಳ ಗಂಡ.”

ತನುಜಾ ಗಾಜಿನ ಮೇಲೆ ಕೈ ಬಡಿದಳು. “ನೀನೇನೋ ಅವಳನ್ನ ಎಂಟು ತಿಂಗಳು ಕೂಡಿಹಾಕಿದ್ದೋನು?”

ಯುವಕ ಅವಳನ್ನು ನೋಡಿದ.

“ಎಂಟು ತಿಂಗಳಿಂದ ಊರೂರು ಬದಲಾಯಿಸಿ ನಾವಿಬ್ರೂ ಬಚ್ಚಿಟ್ಕೊಂಡಿದ್ದೇ ಅವಳ ಅಪ್ಪ, ಅಣ್ಣನಿಗೆ ಹೆದರಿ, ಅಕ್ಕ.”