ಬೋರಲು ಹಾಕದ ಡಬ್ಬಿ

ಸಿಂಧನೂರಿನ ಕಡೆ ಹಿಮ ಬೀಳತೊಡಗಿ ಆರು ವರ್ಷವಾಗಿತ್ತು. ನೀರು ಹೆಪ್ಪುಗಟ್ಟಿ ಕೊಡ ಒಡೆಯದಿರಲೆಂದು ಊರವರು ಸಂಜೆಯೇ ಎಲ್ಲವನ್ನೂ ಬರಿದು ಮಾಡಿ ಬೋರಲು ಹಾಕುತ್ತಿದ್ದರು.

“ಲಾರಿ ಎಂಜಿನ್ನಿಗೆ ಹೊಸದಾಗಿ ಕೂಡಿಸೀರಲ್ಲ, ಆ ಡಬ್ಬೀನೂ ಚೆಲ್ರಿ,” ಎಂದಿದ್ದಳು ಹುಲಿಗೆಮ್ಮ.

“ಅದು ಎಂಜಿನ್ನಿನ ಉಸಿರಿನಾಗಿನ ಎಣ್ಣಿ ಹಿಡಿಯೋ ಡಬ್ಬಿ. ಎಣ್ಣಿ ಎಲ್ಯಾರ ಕಲ್ಲಾಗ್ತೈತೇನ, ಹುಚ್ಚಿ?” ಎಂದು ಗಂಡ ಮೌನೇಶ ನಕ್ಕಿದ್ದ.

ಮರುದಿನ ಬೆಳಿಗ್ಗೆ ಹೆರಿಗೆನೋವು ಬಂದ ಮಗಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ ಲಾರಿ ಎರಡೇ ಮೈಲಿಗೆ ನಿಂತಿತು. ಉಸಿರು ಬಿಡಲು ದಾರಿ ಸಿಗದೆ ಎಂಜಿನ್ನು ಎಣ್ಣೆಯನ್ನೆಲ್ಲ ಹಿಮದ ಮೇಲೆ ಕಾರಿಕೊಂಡಿತ್ತು.

ಮೌನೇಶ ಡಬ್ಬಿ ಬಿಚ್ಚಿ ಬೋರಲು ಹಿಡಿದ. ಒಂದು ಹನಿಯೂ ಬೀಳಲಿಲ್ಲ. ಒಳಗೆ ಎಂಜಿನ್ನಿನ ಹಬೆ ನೀರಾಗಿ, ನೀರು ಕಲ್ಲಾಗಿ ಉಸಿರಿನ ದಾರಿ ಕಟ್ಟಿ ಕೂತಿತ್ತು.

“ಅಪ್ಪಾ, ಯಾಕ ನಿಂತ್ವಿ?” ಒಳಗಿನಿಂದ ಮಗಳು ನರಳಿದಳು.

ಅವನು ಡಬ್ಬಿಯನ್ನು ಹಿಮದ ಮೇಲೆ ಬೋರಲು ಹಾಕಿದ.